ಹಿಟ್ಟಿನ ಕೋಳಿಯ ಕೂಗು

ಪ್ರೇತಕಥೆಗಳೆಂದರೆ ಇರುಳನ್ನು ಕಳೆಯಲು ಹುಟ್ಟಿದ ಕಟ್ಟುಕಥೆಗಳೆಂದು ತಳ್ಳಿಹಾಕುವ ವಾಡಿಕೆಯು ಪಂಡಿತರಲ್ಲಿಯೂ ಉಂಟು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಕಥಾಸಾಹಿತ್ಯವನ್ನು ಪರಿಶೀಲಿಸಿದರೆ ಈ ಮಾತು ನಿಲ್ಲಲಾರದು. ಅದಕ್ಕೆ ಹಿಂದೆ, 1764ರಲ್ಲಿ ಪ್ರಕಟವಾದ ವಾಲ್ಪೋಲನ ‘ಒಟ್ರಾಂಟೊ ದುರ್ಗ’ದಲ್ಲಿ, ಅದ್ಭುತಗಳಿಗೆ ಹಳೆಯ ಕೋಟೆಯೇ ನೆಲೆಯಾಗಿದ್ದಿತು. ಚಾರ್ಲ್ಸ್ ಡಿಕನ್ಸನ 1843ರ ‘ಕ್ರಿಸ್ಮಸ್ ಕ್ಯಾರೊಲ್’ನಲ್ಲಾದರೋ ಪ್ರೇತವು ಲೋಭಿಯಾದ ವರ್ತಕನ ಮನೆಯನ್ನೇ ಹೊಗುತ್ತದೆ. ಸತ್ತ ಪಾಲುಗಾರ ಮಾರ್ಲಿಯು ಹಣದ ಪೆಟ್ಟಿಗೆ, ಬೀಗದ ಕೈ, ಲೆಕ್ಕದ ಪುಸ್ತಕಗಳನ್ನು ಕೋದ ಸರಪಳಿಯನ್ನೆಳೆದುಕೊಂಡು ಬರುತ್ತಾನೆ. ಅದು ಬದುಕಿದ್ದಾಗ ಅವನೇ ಬೆಸೆದುಕೊಂಡದ್ದು. ಹೆನ್ರಿ ಜೇಮ್ಸನ 1898ರ ‘ಟರ್ನ್ ಆಫ್ ದಿ ಸ್ಕ್ರೂ’ ಕಥೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತರುಣಿಯು ಕಂಡದ್ದು ಪ್ರೇತವೋ, ತನ್ನ ಚಿತ್ತದ ಛಾಯೆಯೋ ಎಂಬುದು ಕಡೆಯವರೆಗೂ ನಿರ್ಣಯವಾಗದು. ಹೀಗೆ ಭೂತವು ಕೋಟೆಯಿಂದ ಮನೆಗೆ, ಮನೆಯಿಂದ ಮನಸ್ಸಿಗೆ ಬಂದು ಸೇರಿತು.

ಇದನ್ನು ಪಶ್ಚಿಮದವರ ನೂತನ ಶೋಧವೆಂದು ಬಗೆಯುವವರು ಮಾದಿಹಳ್ಳಿಗೆ ನೆರೆಯಾದ ಹಳೇಬೀಡನ್ನು ನೆನೆಯಬೇಕು. ಅಂದಿನ ದೋರಸಮುದ್ರದಿಂದ ಆಳಿದ ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನನು 1209ರಲ್ಲಿ ‘ಯಶೋಧರಚರಿತೆ’ಯನ್ನು ರಚಿಸಿದನು.

ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿಯು ಮಾವಟಿಗನಲ್ಲಿ ಅನುರಕ್ತಳಾಗಿರುವುದನ್ನು ಕಣ್ಣಾರೆ ಕಂಡನು. ತಾಯಿ ಚಂದ್ರಮತಿಯು ಮಗನ ಬಾಡಿದ ಮುಖವನ್ನು ನೋಡಿ ಕಾರಣವನ್ನು ಕೇಳಲು, ನಿಜವನ್ನಾಡಲಾರದೆ, ದುಃಸ್ವಪ್ನವನ್ನು ಕಂಡೆನೆಂದನು. ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ಆಕೆ ಹಟ ಹಿಡಿದಳು. ಜೀವವಧೆಗೆ ಒಪ್ಪದ ಅರಸನು ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡಲು ಸಮ್ಮತಿಸಿದನು. ಆ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದರೊಳಗೆ ಹೊಕ್ಕಿತ್ತು. ಕತ್ತಿಯ ಪೆಟ್ಟು ಬಿದ್ದೊಡನೆ ಹಿಟ್ಟು ಕೂಗಿತು!

ಜನ್ನನ ಪ್ರತಿಭೆಯು ಈ ಒಂದು ಕೂಗಿನಲ್ಲಿದೆ. ಕೊಲ್ಲಲು ಅಲ್ಲಿ ಪ್ರಾಣಿಯಿರಲಿಲ್ಲ. ಕೊಲ್ಲುವ ಸಂಕಲ್ಪ ಮಾತ್ರ ಇದ್ದಿತು. ಜೈನಶಾಸ್ತ್ರವು ಸಂಕಲ್ಪಹಿಂಸೆಯೆಂದು ಕರೆಯುವ ಕಣ್ಣಿಗೆ ಕಾಣದ ಪಾಪಕ್ಕೆ ಆ ಬೆಂತರವು ಕಂಠವನ್ನು ಕೊಟ್ಟಿತು. ಜೇಮ್ಸನ ಕಥೆಯಲ್ಲಿ ಪ್ರೇತವುಂಟೋ ಇಲ್ಲವೋ ಎಂಬುದು ಸಂಶಯ. ಜನ್ನನಲ್ಲಿ ಬೆಂತರವು ನಿಶ್ಚಿತ. ಹಿಟ್ಟನ್ನು ಕಡಿದವನು ನಿರ್ದೋಷಿಯೇ ಎಂಬುದೇ ಪ್ರಶ್ನೆ. ತಾಯಿಮಕ್ಕಳು ಅಮೃತಮತಿಯಿತ್ತ ವಿಷದಿಂದ ಮಡಿದು, ನಾಯಿಯೂ ನವಿಲೂ ಆಗಿ ಹುಟ್ಟಿ, ತಿರ್ಯಗ್ಜನ್ಮಗಳಲ್ಲಿ ತೊಳಲುವುದೇ ಕವಿಯು ಕೊಡುವ ಉತ್ತರ.

ಕಡೆಗೆ ಅವರು ಅಭಯರುಚಿ, ಅಭಯಮತಿಗಳೆಂಬ ಅವಳಿಗಳಾಗಿ ಹುಟ್ಟಿ, ಚಂಡಮಾರಿಯ ಗುಡಿಯಲ್ಲಿ ಮಾರಿದತ್ತರಾಜನ ಕತ್ತಿಯೆದುರು ಬಲಿಗೆ ನಿಂತಾಗ ಈ ವೃತ್ತಾಂತವನ್ನೇ ಹೇಳುತ್ತಾರೆ. ಕೇಳಿದ ರಾಜನು ಬಲಿಯನ್ನು ಬಿಟ್ಟು ವಿರಕ್ತನಾಗುತ್ತಾನೆ. ಡಿಕನ್ಸನ ಲೋಭಿಯೂ ಪ್ರೇತದರ್ಶನದಿಂದ ದಾನಿಯಾದನು. ಆಂಗ್ಲರು ಜನ್ನನನ್ನು ಓದಿ ಬರೆದರೆಂದಲ್ಲ. ಆರು ಶತಮಾನಗಳಿಗೂ ಹೆಚ್ಚಿನ ಅಂತರವಿದ್ದರೂ ಇಬ್ಬರು ಕವಿಗಳೂ ಭೂತಕ್ಕೆ ಒಂದೇ ಕಾರ್ಯವನ್ನು ವಿಧಿಸಿದರು: ಮನುಷ್ಯನು ತನಗೆ ತಾನೇ ಹೇಳಿಕೊಳ್ಳಲು ಅಂಜುವ ಮಾತನ್ನು ಅವನ ಕಿವಿಗೆ ಮುಟ್ಟಿಸುವುದು.