ಫ್ರಾಮ್ ಹಡಗನ್ನು ತಡೆದ ಅಲೆ

1893ರ ಆಗಸ್ಟ್ ಕೊನೆಯ ದಿನಗಳು. ಸೈಬೀರಿಯಾದ ಉತ್ತರ ತೀರದಲ್ಲಿ, ತೈಮೀರ್ ಪರ್ಯಾಯ ದ್ವೀಪದ ಬಳಿ, ಉತ್ತರ ಧ್ರುವದತ್ತ ಹೊರಟಿದ್ದ ನಾರ್ವೆಯ ಫ್ರಿಡ್ಜೋಫ್ ನಾನ್ಸೆನ್ ಅವರ ಹಡಗು ಫ್ರಾಮ್ ತೆವಳತೊಡಗಿತು. ಎಂಜಿನ್ ಸರಿಯಾಗಿಯೇ ಓಡುತ್ತಿತ್ತು, ಸಮುದ್ರ ಶಾಂತವಾಗಿತ್ತು. ಆದರೂ ವೇಗ ಒಂದೂವರೆ ನಾಟ್ ಆಸುಪಾಸಿಗೆ ಕುಸಿಯಿತು. ಚುಕ್ಕಾಣಿ ತಿರುಗಿಸಿದರೆ ಹಡಗು ಮಾತು ಕೇಳುತ್ತಿರಲಿಲ್ಲ. ಸುತ್ತು ಹೊಡೆಸಿದರು, ದಿಕ್ಕು ಬದಲಿಸಿದರು, ಹಿಡಿತ ಬಿಡಲಿಲ್ಲ. ನಾರ್ವೆಯ ನಾವಿಕರಿಗೆ ಇದು ಹೊಸದೇನಲ್ಲ. ಇಂಥ ಜಾಗವನ್ನು ಅವರು ‘ಸತ್ತ ನೀರು’ ಎಂದು ಕರೆಯುತ್ತಿದ್ದರು.

ನಾನ್ಸೆನ್ ಇನ್ನೊಂದು ಸಂಗತಿಯನ್ನೂ ಬರೆದಿಟ್ಟರು. ಮೇಲಿನಿಂದ ಎತ್ತಿದ ನೀರು ಹೆಚ್ಚುಕಡಿಮೆ ಕುಡಿಯುವಷ್ಟು ಸಿಹಿಯಾಗಿತ್ತು. ಎಂಜಿನ್ ಕೋಣೆಯ ತಳದ ನಲ್ಲಿಯಲ್ಲಿ ಬಂದ ನೀರು ಬಾಯ್ಲರಿಗೆ ಹಾಕಲಾಗದಷ್ಟು ಉಪ್ಪಾಗಿತ್ತು. ಹಡಗಿನ ಹೊಟ್ಟೆಯ ಆಳದೊಳಗೇ ಎರಡು ಕಡಲುಗಳಿದ್ದವು, ಒಂದರ ಮೇಲೊಂದು.

ಈ ಟಿಪ್ಪಣಿ ವ್ಯರ್ಥವಾಗಲಿಲ್ಲ. ಐದು ವರ್ಷಗಳ ನಂತರ ನಾನ್ಸೆನ್ ಅದನ್ನು ಭೌತಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅವರ ಮುಂದಿಟ್ಟರು. ಎರಡು ಪದರಗಳು ಕೂಡುವ ಕಡೆ ಹಡಗೇ ಅಲೆ ಎಬ್ಬಿಸುತ್ತಿರಬೇಕು ಎಂದು ಬ್ಯರ್ಕ್ನೆಸ್ ಊಹಿಸಿ, ಅದನ್ನು ಪರೀಕ್ಷಿಸುವ ಕೆಲಸವನ್ನು ಸ್ವೀಡನ್ನಿನ ತರುಣ ಶಿಷ್ಯ ವಾಗ್ನ್ ಎಕ್ಮನ್‌ಗೆ ಒಪ್ಪಿಸಿದರು. ಎಕ್ಮನ್ ತೊಟ್ಟಿಯಲ್ಲಿ ಕೆಳಗೆ ಉಪ್ಪುನೀರು, ಮೇಲೆ ಸಿಹಿನೀರು ತುಂಬಿ, ಪುಟ್ಟ ದೋಣಿಯನ್ನು ಎಳೆದು ನೋಡಿದರು. ಮೇಲ್ಮೈ ಹೆಚ್ಚುಕಡಿಮೆ ನಿಶ್ಚಲ. ಪದರಗಳ ಗಡಿಯಲ್ಲಿ ಮಾತ್ರ ದೊಡ್ಡ ದೊಡ್ಡ ಅಲೆಗಳು. ದೋಣಿಗೆ ಕೊಟ್ಟ ಬಲವೆಲ್ಲ ಆ ಕಾಣದ ಅಲೆಗಳನ್ನು ಎಬ್ಬಿಸುವುದರಲ್ಲೇ ಖರ್ಚಾಗುತ್ತಿತ್ತು. 1904ರಲ್ಲಿ ಪ್ರಕಟವಾದ ಈ ಪ್ರಬಂಧ ನಾವಿಕರ ಮಾತಿಗೆ ಭೌತಶಾಸ್ತ್ರದ ಆಧಾರ ಕೊಟ್ಟಿತು.

ಇದಕ್ಕೂ ಬಹಳ ಹಿಂದೆ, 1762ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಹಡಗಿನಲ್ಲಿ ತೂಗುಹಾಕಿದ್ದ ಗಾಜಿನ ದೀಪದಲ್ಲಿ ಇಂಥದ್ದೇ ಆಟ ಕಂಡಿದ್ದರು. ಮೇಲಿನ ಎಣ್ಣೆ ನೆಟ್ಟಗೆ ನಿಂತಿದ್ದರೆ ಅಡಿಯ ನೀರು ಮಾತ್ರ ಹೊಯ್ದಾಡುತ್ತಿತ್ತು.

ಎಕ್ಮನ್ನರ ತೊಟ್ಟಿಯಿಂದ ಮಹಾಸಾಗರಕ್ಕೆ ಬರಲು ಒಂದೇ ಹೆಜ್ಜೆ ಸಾಕು. ಹಡಗು ನೀರನ್ನು ಸೀಳಿಕೊಂಡು ಹೋದರೂ ಒಂದೇ, ನಿಂತ ಬೆಟ್ಟದ ಮೇಲೆ ನೀರು ಹರಿದರೂ ಒಂದೇ. ಕಡಲ ತಳದ ಏರುಗಳ ಮೇಲೆ ಪ್ರವಾಹ ಹಾಯುವಾಗ ಪದರಗಳು ಮೇಲೆದ್ದು, ಕೆಳಗಿಳಿದು, ಅಲೆಯಾಗುತ್ತವೆ. ಅಂಡಮಾನ್ ಸಮುದ್ರದಲ್ಲಿ ನಾವಿಕರು ಬಹುಕಾಲದಿಂದ ನೋಡುತ್ತಿದ್ದ, ಮೈಲುಗಟ್ಟಲೆ ಉದ್ದದ ಕುದಿಯುವ ನೀರಿನ ಪಟ್ಟಿಗಳ ಮೂಲವೂ ಇದೇ. ದ್ವೀಪಗಳ ನಡುವಿನ ಆಳವಿಲ್ಲದ ದಾರಿಗಳಲ್ಲಿ ಉಬ್ಬರವಿಳಿತದ ಹರಿವು ನುಗ್ಗಿದಾಗ ಒಳಗಡೆ ಅಲೆಗಳು ಹುಟ್ಟಿ ಸಾಲಾಗಿ ಹೊರಡುತ್ತವೆ. 1975ರಲ್ಲಿ ಅಪೊಲೊ–ಸೊಯುಜ್ ಬಾಹ್ಯಾಕಾಶ ಯಾನಿಗಳ ಚಿತ್ರದಲ್ಲಿ ಆ ಪಟ್ಟಿಗಳು ಸ್ಪಷ್ಟವಾಗಿ ಮೂಡಿದವು. ಅಲ್ಲಿ ತೈಲ ಕೊರೆಯುವ ಹಡಗಿನ ಸುತ್ತ ನಡೆದ ಅಳತೆಗಳನ್ನು ವಿಜ್ಞಾನಿಗಳಾದ ಆಸ್ಬರ್ನ್ ಮತ್ತು ಬರ್ಚ್ 1980ರಲ್ಲಿ ಪ್ರಕಟಿಸಿದರು. ಅಲೆಯ ಎತ್ತರ 60 ಮೀಟರಿನವರೆಗೆ!

ಹುಟ್ಟಿದ ಅಲೆಯನ್ನು ಪ್ರವಾಹಗಳು ಅಷ್ಟಕ್ಕೇ ಬಿಟ್ಟುಬಿಡುವುದಿಲ್ಲ. ತೈವಾನ್ ಮತ್ತು ಫಿಲಿಪ್ಪೀನ್ಸ್ ನಡುವಿನ ಲುಝಾನ್ ಜಲಸಂಧಿಯಿಂದ ಹೊರಡುವ ಒಳ ಅಲೆಗಳ ಹಾದಿಯನ್ನು ಅಲ್ಲಿನ ಕುರೋಶಿಯೋ ಪ್ರವಾಹ ಬಾಗಿಸುತ್ತದೆ. ಎದುರು ಹರಿವು ಬಲವಾಗಿದ್ದರೆ ಅಲೆ ಮುಂದೆ ಸಾಗಲಾರದೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಆ ಅಲೆ ಒಡೆಯುವುದೇ? ಪದರಗಳ ಭಾರದ ವ್ಯತ್ಯಾಸ ನೀರನ್ನು ಕದಡದಂತೆ ಹಿಡಿದಿಡುತ್ತದೆ. ವೇಗದ ವ್ಯತ್ಯಾಸ ಅದನ್ನು ಕದಡಲು ನೋಡುತ್ತದೆ. ಇವೆರಡರ ಸೆಣಸಾಟವನ್ನು ಅಳೆಯುವ ಸಂಖ್ಯೆಗೆ ಹವಾಮಾನ ವಿಜ್ಞಾನಿ ರಿಚರ್ಡ್‌ಸನ್ ಅವರ ಹೆಸರಿದೆ. ಅದು ನಾಲ್ಕನೇ ಒಂದಕ್ಕಿಂತ ಕೆಳಗಿಳಿಯದಿದ್ದರೆ ಪದರ ಒಡೆಯದು ಎಂದು ವಿಜ್ಞಾನಿಗಳಾದ ಮೈಲ್ಸ್ ಮತ್ತು ಹೋವರ್ಡ್ 1961ರಲ್ಲಿ ಸಾಧಿಸಿ ತೋರಿಸಿದರು.

ಒಡೆಯುವುದನ್ನು ಕಣ್ಣಾರೆ ಕಂಡವರು ಸಾಗರ ವಿಜ್ಞಾನಿ ಜಾನ್ ವುಡ್ಸ್. 1960ರ ದಶಕದಲ್ಲಿ ಮಾಲ್ಟಾ ದ್ವೀಪದ ಬಳಿ ನೀರಿಗಿಳಿದು, ಬೇಸಿಗೆಯ ಬೆಚ್ಚಗಿನ ನೀರು ತಣ್ಣೀರಿಗೆ ತಾಗುವ ಕಡೆ ಬಣ್ಣ ಬಿಟ್ಟು ಚಿತ್ರ ತೆಗೆಯಲಾಯಿತು. ಬಣ್ಣದ ತೆಳು ಹಾಳೆ ಮೊದಲು ಸಪಾಟಾಗಿತ್ತು. ಒಳ ಅಲೆಯೊಂದು ಹಾದುಹೋಗುವಾಗ ಮೇಲಿನ ನೀರು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಸರಿಯಿತು. ಹಾಳೆ ಚಕ್ಕುಲಿಯಂತೆ ಸುರುಳಿ ಸುರುಳಿಯಾಗಿ, ಆಮೇಲೆ ಕದಡಿ ಹೋಯಿತು. ಸಮುದ್ರದ ಮಿಶ್ರಣ ಎಂಬ ದೊಡ್ಡ ಮಾತು ಕೊನೆಗೆ ನಡೆಯುವುದು ಇಂಥ ಸಣ್ಣ ಸುರುಳಿಗಳಲ್ಲಿ.

ಅವುಗಳ ಮೇಲೆ ನಿಂತಿರುವ ಹೊರೆ ಮಾತ್ರ ಸಣ್ಣದಲ್ಲ. ಧ್ರುವಗಳ ಬಳಿ ತಣ್ಣಗಾದ ನೀರು ಸದಾ ತಳಕ್ಕೆ ಇಳಿಯುತ್ತಿರುತ್ತದೆ. ಮೇಲಿನ ಬಿಸಿ ಕೆಳಕ್ಕೆ ಬೆರೆಯದಿದ್ದರೆ ಕೆಲವು ಸಾವಿರ ವರ್ಷಗಳಲ್ಲಿ ಸಾಗರದ ಬಹುಭಾಗ ತಣ್ಣೀರಿನ ಮಡುವಾಗಬೇಕು. ಹಾಗಾಗದಿರಲು ಎಷ್ಟು ಮಿಶ್ರಣ ಬೇಕೆಂದು ಸಾಗರ ವಿಜ್ಞಾನಿ ವಾಲ್ಟರ್ ಮಂಕ್ 1966ರಲ್ಲಿ ಲೆಕ್ಕ ಹಾಕಿದರು. ಆದರೆ 1990ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್‌ನಲ್ಲಿ ಸುಮಾರು 300 ಮೀಟರ್ ಆಳಕ್ಕೆ ಗುರುತು ರಾಸಾಯನಿಕ ಬಿಟ್ಟು ಅಳೆದಾಗ ಸಿಕ್ಕಿದ್ದು ಅದರ ಹತ್ತನೇ ಒಂದು ಭಾಗ. ಉಳಿದದ್ದು ಎಲ್ಲಿ? 1997ರಲ್ಲಿ ಬ್ರೆಜಿಲ್ ಕೊಳ್ಳದಿಂದ ಉತ್ತರ ಬಂತು: ಸಪಾಟು ತಳದ ಮೇಲೆ ಮಿಶ್ರಣ ಕ್ಷೀಣ, ಮಧ್ಯ ಅಟ್ಲಾಂಟಿಕ್ ಪರ್ವತಶ್ರೇಣಿಯ ಒರಟು ಇಳಿಜಾರಿನ ಮೇಲೆ ಪ್ರಬಲ.

ಒರಟು ತಳದ ಮೇಲೆ ಅಲೆ ಎಬ್ಬಿಸುವುದರಲ್ಲಿ ಉಬ್ಬರವಿಳಿತದ ಜೊತೆಗೆ ನಿರಂತರ ಪ್ರವಾಹದ ಪಾಲೂ ದೊಡ್ಡದು. ಅಂಟಾರ್ಕ್ಟಿಕಾವನ್ನು ಸುತ್ತುವ ಪ್ರವಾಹದಲ್ಲಿ, ದಕ್ಷಿಣ ಅಮೆರಿಕದ ತುದಿಗಿಂತ ಬಹುದೂರ ಪಶ್ಚಿಮಕ್ಕೆ, 2009ರಲ್ಲಿ ಇಂಥದ್ದೇ ರಾಸಾಯನಿಕವನ್ನು ಸುಮಾರು 1500 ಮೀಟರ್ ಆಳದಲ್ಲಿ ಬಿಡಲಾಯಿತು. ಪೆಸಿಫಿಕ್‌ನಲ್ಲಿ ಅದು ತೆಳ್ಳಗಿನ ಪದರವಾಗಿಯೇ ತೇಲಿಕೊಂಡು ಬಂತು. ಡ್ರೇಕ್ ಜಲಮಾರ್ಗದ ಏರುತಗ್ಗಿನ ತಳದ ಮೇಲೆ ಅದೇ ಪ್ರವಾಹ ನುಗ್ಗಿದಾಗ ಮಿಶ್ರಣದ ವೇಗ ಇಪ್ಪತ್ತು ಪಟ್ಟು ಏರಿತ್ತು.