ಬಣ್ಣ ಹೋದರೂ ಉಪ್ಪು ಹೋಗಲ್ಲ

ಸಾಮಿಲ್ಲಿನ ಮರದ ಹೊಟ್ಟಿನಿಂದ ಬಣ್ಣದ ನೀರನ್ನು ತಿಳಿ ಮಾಡಬಹುದು ಅಂದರೆ ಸುಳ್ಳಲ್ಲ. ಹೊಸ ವಿಷಯವೂ ಅಲ್ಲ, ಇನ್ನೂರು ವರ್ಷಕ್ಕೂ ಹಿಂದಿನದು. ಆ ಕಥೆಯಲ್ಲಿ ರೈತರಿಗೊಂದು ಪಾಠ ಇದೆ, ಅದಕ್ಕೇ ಬರೀತಿದೀನಿ.

1785ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಔಷಧಿ ತಯಾರಿಸುತ್ತಿದ್ದ ಟೋಬಿಯಾಸ್ ಲೋವಿಟ್ಸ್, ಕಂದುಗಟ್ಟಿದ ದ್ರಾವಣಕ್ಕೆ ಇದ್ದಿಲು ಹಾಕಿದರೆ ಬಣ್ಣ ಬಿಡುತ್ತೆ ಅಂತ ಕಂಡುಕೊಂಡ. ಹತ್ತು ವರ್ಷದೊಳಗೆ ಇಂಗ್ಲೆಂಡಿನಲ್ಲಿ ಸಕ್ಕರೆ ಪಾಕ ತಿಳಿ ಮಾಡೋಕೆ ಮರದ ಇದ್ದಿಲನ್ನೇ ಬಳಸಿದರು. 1914ರ ಹೊತ್ತಿಗೆ ಬೊಹೀಮಿಯಾದ ಆಸಿಗ್ ಊರಿನ ಕಾರ್ಖಾನೆಯೊಂದು ಮರದ ಹೊಟ್ಟಿಗೆ ಸತುವಿನ ಕ್ಲೋರೈಡ್ ಬೆರೆಸಿ, ಕಾಯಿಸಿ, ದೊಡ್ಡ ಪ್ರಮಾಣದಲ್ಲಿ ಇದ್ದಿಲು ಮಾಡತೊಡಗಿತು. ಹೀಗೆ ಹದಗೊಳಿಸಿದ ಇದ್ದಿಲಿನ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದು ಗ್ರಾಮಿನ ಒಳಮೈ ಬಿಡಿಸಿ ಹರಡಿದರೆ 500 ಚದರ ಮೀಟರ್ ದಾಟುತ್ತೆ, ಅಂದರೆ ಹತ್ತಿರ ಹತ್ತಿರ ಐದು ಗುಂಟೆ! ಬಣ್ಣದ ಕಣ ಹೋಗಿ ಅಂಟಿಕೊಳ್ಳೋದು ಅಲ್ಲೇ.

ಈಗ ನಮ್ಮ ಪಕ್ಕದ ತಮಿಳುನಾಡಿಗೆ ಬನ್ನಿ. ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕೋ ಘಟಕಗಳು ನೂರಾರು. ಹತ್ತಿಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಲೀಟರ್ ನೀರಿಗೆ ಹತ್ತಾರು ಗ್ರಾಂ ಉಪ್ಪು ಬೇಕು. ಆ ನೀರು ಕಾವೇರಿಯ ಉಪನದಿ ನೊಯ್ಯಲ್‌ಗೆ ಹರಿಯಿತು. ಬೇಸಾಯಕ್ಕೆಂದೇ 1992ರಲ್ಲಿ ಕಟ್ಟಿದ ಒರತುಪಾಳ್ಯಂ ಅಣೆಕಟ್ಟು ಆ ಕೊಳಚೆಯ ತೊಟ್ಟಿಯಾಯ್ತು. ಸುತ್ತಲ ಬಾವಿ ಕೆಟ್ಟವು, ಹೊಲ ಚೌಳಾಯ್ತು. ನೀರಿಗಾಗಿ ಕಾಯಬೇಕಿದ್ದ ರೈತರು ಆ ನೀರಿನ ವಿರುದ್ಧವೇ ಕೋರ್ಟಿಗೆ ಹೋದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಲು ಆದೇಶ ಕೊಟ್ಟಿತು.

ಇಲ್ಲೇ ಇರೋದು ಪಾಠ. ಮರದ ಹೊಟ್ಟಾಗಲಿ ಇದ್ದಿಲಾಗಲಿ ಬಣ್ಣ ಹಿಡಿಯುತ್ತೆ, ಕರಗಿದ ಉಪ್ಪನ್ನು ಹಿಡಿಯಲ್ಲ. ಉಪ್ಪು ತೆಗೆಯೋಕೆ ಆರ್‌ಒ ಯಂತ್ರ, ನೀರು ಆವಿ ಮಾಡೋ ಯಂತ್ರ ಬೇಕು. ಅದು ದುಬಾರಿ ಕೆಲಸ. ಬಣ್ಣ ಕಣ್ಣಿಗೆ ಕಾಣುತ್ತೆ, ಜನ ಗಲಾಟೆ ಮಾಡ್ತಾರೆ. ಉಪ್ಪು ಕಾಣಲ್ಲ, ಆದರೆ ಭೂಮಿ ಸಾಯೋದು ಅದರಿಂದ.

ಅದಕ್ಕೇ ಯಾರಾದರೂ "ಶುದ್ಧ ಮಾಡಿದ ನೀರು, ತೋಟಕ್ಕೆ ಬಿಟ್ಕೊಳ್ಳಿ" ಅಂದರೆ ತಿಳಿಯಾಗಿದೆ ಅಂತ ನಂಬಬೇಡಿ. ಇಸಿ ಎಷ್ಟು ಅಂತ ಕೇಳಿ, ನೀವೇ ಪರೀಕ್ಷೆ ಮಾಡಿಸಿ. 3 ದಾಟಿದ್ದರೆ ಹೆಚ್ಚಿನ ಬೆಳೆಗೆ ಆ ನೀರು ಬೇಡವೇ ಬೇಡ. ಬಣ್ಣ ಹೀರಿದ ಹೊಟ್ಟನ್ನು ಬಿಟ್ಟಿ ಕೊಟ್ಟರೂ ತಿಪ್ಪೆಗೆ ಹಾಕಬೇಡಿ. ನೀರಿನಿಂದ ತೆಗೆದ ವಿಷ ಅದರಲ್ಲೇ ಕೂತಿರುತ್ತೆ.