ಐದು ಸೆಂಟ್ಸಿನ ಮೇಲೊಂದು ಅಟ್ಟ

ಬಂಟ್ವಾಳ, ಬೆಳ್ತಂಗಡಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಮಳೆ ಹಿಡಿಯುವ ಹೊತ್ತಿಗೆ ತಲೆ ಎತ್ತಿದರೆ ಸೌತೆಕಾಯಿಯ ಸಾಲು ಕಾಣುತ್ತಿತ್ತು. ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ ಬಣ್ಣದ ಸೌತೆ. ಬಾಳೆನಾರಿನ ಕುಣಿಕೆಯಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿದ್ದು. ನೆಲದಲ್ಲಿಟ್ಟರೆ ಬೇಗ ಕೊಳೆಯುವ ಕಾಯಿ, ಗಾಳಿಯಲ್ಲಿ ತೂಗಿದರೆ ಆಟಿ ತಿಂಗಳ ಪದಾರ್ಥಕ್ಕೂ ಒದಗುತ್ತಿತ್ತು. ಪೇಟೆಯ ಇಂಟೀರಿಯರ್ ಅಂಗಡಿಗಳು ಈಗ ‘ಜಾಗದ ಸದುಪಯೋಗ’ ಎಂದು ಮಾರುವ ವಿದ್ಯೆಗೆ ಈ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ಮಾದರಿ ಸಿಗಲಿಕ್ಕಿಲ್ಲ.

ಎಕರೆಗಟ್ಟಲೆ ಭೂಮಿಯಿದ್ದವರಿಗೆ ಮನೆಯೊಳಗೆ ಜಾಗದ ಬರವೇಕೆ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ ಬರವಿದ್ದದ್ದು ಒಣಗಿದ ಜಾಗಕ್ಕೆ. ಭತ್ತ, ಅಡಿಕೆ, ತೆಂಗಿನಕಾಯಿ, ಸೌದೆ, ಹಪ್ಪಳ, ಬಿತ್ತನೆ ಬೀಜ ಎಲ್ಲವೂ ಜೂನ್ ಬರುವ ಮೊದಲು ಮಾಡಿನ ಅಡಿಗೆ ಸೇರಬೇಕು. ಗುತ್ತಿನ ಮನೆಗಾಗಲಿ ಒಕ್ಕಲಿನ ಗುಡಿಸಲಿಗಾಗಲಿ ಲೆಕ್ಕ ಒಂದೇ, ಪ್ರಮಾಣ ಮಾತ್ರ ಬೇರೆ.

ಆ ಲೆಕ್ಕವನ್ನು ಹಳಬರು ಎರಡು ದಾರಿಯಲ್ಲಿ ಬಿಡಿಸಿದರು. ಒಂದು, ಎತ್ತರ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಒಲೆಯ ಹೊಗೆ ನೇರವಾಗಿ ಏರುತ್ತಿತ್ತು. ಅಲ್ಲಿಟ್ಟ ಸಾಮಾನಿಗೆ ಹುಳು ಬೀಳುತ್ತಿರಲಿಲ್ಲ, ಮರಕ್ಕೂ ಗೆದ್ದಲು ಸುಲಭಕ್ಕೆ ಹತ್ತುತ್ತಿರಲಿಲ್ಲ. ಅಟ್ಟವೆಂದರೆ ಬರೀ ಉಗ್ರಾಣವಲ್ಲ, ಬೇರೆ ಬೆಂಕಿಯ ಖರ್ಚಿಲ್ಲದೆ ನಡೆಯುವ ಒಣಗಿಸುವ ಯಂತ್ರ. ಇನ್ನೊಂದು, ಹೊತ್ತು. ಚಾವಡಿಯಲ್ಲಿ ಬೆಳಗ್ಗೆ ಗೇಣಿಯ ಮಾತು, ಮಧ್ಯಾಹ್ನ ಬಾಳೆ ಎಲೆಯ ಪಂಕ್ತಿ, ರಾತ್ರಿ ಹತ್ತಾರು ಮಂದಿಯ ನಿದ್ದೆ. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರೆ ಮಲಗುವ ಕೋಣೆ ಮಾಯ. ಅಕ್ಕಿ, ಭತ್ತ ತುಂಬುವ ಪತ್ತಾಯದ ಅಗಲವಾದ ಮುಚ್ಚಳವೇ ಮಂಚವಾಗುವುದಿತ್ತು. ಇಂದಿನ ಸ್ಟೋರೇಜ್ ಕಾಟಿನ ಮುತ್ತಜ್ಜ ಅದು. ಹೊತ್ತಿಗೊಂದು ವೇಷ ಹಾಕದೆ ಇದ್ದದ್ದು ದೈವದ ಜಾಗ ಒಂದೇ: ಗುತ್ತಿನ ಚಾವಡಿಯಲ್ಲಿ ದೈವದ ಮಂಚವಿದ್ದ ಕಡೆ ಬೇರೆ ಯಾರೂ ಕೂರುವಂತಿಲ್ಲ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ಅಂಥ ಬದುಕಿನ ಸಾಮಾನುಗಳು ಈಗಲೂ ಕಣ್ಣಿಗೆ ಬೀಳುತ್ತವೆ.

ಇಕ್ಕಟ್ಟಿನಲ್ಲಿ ಅಡಕಿಸುವ ಜಾಣ್ಮೆಗೆ ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲೂ ಒಂದು ತಮಾಷೆಯ ಸಾಕ್ಷಿ ಇದೆ. ನವನಾರಿ ಕುಂಜರದಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಒಂದು ಆನೆ, ಪಂಚನಾರಿ ತುರಗದಲ್ಲಿ ಐವರು ಸೇರಿ ಒಂದು ಕುದುರೆ. ಕೆತ್ತಿದ ಬಡಗಿ ಇಂದು ಇದ್ದಿದ್ದರೆ ಎರಡು ಕೋಣೆಯ ಫ್ಲ್ಯಾಟಿಗೆ ಅವನನ್ನೇ ಕರೆಯಬಹುದಿತ್ತು.

ಅಟ್ಟದ ಚರಿತ್ರೆಯಲ್ಲಿ ದೊಡ್ಡ ತಿರುವು ತಂದದ್ದು ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದಕ್ಕೂ ಮೊದಲು ಹೆಚ್ಚಿನವರದು ಮುಳಿಹುಲ್ಲಿನ ಮಾಡು: ಹೊದಿಕೆ ಆಗಾಗ ಹೊಸತಾಗಬೇಕು, ಕಿಡಿ ಹಾರಿದರೆ ಮನೆಯೇ ಹೋದೀತು. ಹಂಚು ಬಂದ ಮೇಲೆ ಗೋಡೆ ಎತ್ತರವಾಯಿತು, ಅಟ್ಟದಲ್ಲಿ ನೆಟ್ಟಗೆ ನಿಂತು ನಡೆಯಲು ಬಂತು, ನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ಹಗಲಿನ ಬೆಳಕೂ ಬಂತು. ಅನುಕೂಲವಿದ್ದವರ ಅಟ್ಟ ಹಲಗೆಯ ಮುಚ್ಚಿಗೆ, ಕಿಟಕಿ, ಏಣಿಮೆಟ್ಟಿಲು ಪಡೆದು ಉಪ್ಪರಿಗೆಯಾಯಿತು.

ಬಂಟ್ವಾಳ ಪೇಟೆಗೆ ಉಪ್ಪರಿಗೆ ಬರೀ ಅನುಕೂಲವಾಗಿರಲಿಲ್ಲ. ನೇತ್ರಾವತಿಯ ದಂಡೆಯ ಈ ವ್ಯಾಪಾರದ ಊರಿನಲ್ಲಿ ರಸ್ತೆಯ ಮುಖ ಬೆಲೆಬಾಳುವಂಥದ್ದು. ಹಾಗಾಗಿ ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಮನೆ, ಮೇಲೆ ಉಪ್ಪರಿಗೆ ಎಂಬ ಕಿರಿದಾದ ವಿನ್ಯಾಸ. ಹಿರಿಯರು ಮಾರಿಬೊಳ್ಳ ಎಂದು ನೆನೆಯುವ 1923ರ ನೆರೆಯಲ್ಲೂ, ಮತ್ತೆ 1974ರಲ್ಲೂ ನದಿ ಪೇಟೆಯೊಳಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಅಕ್ಕಿಮುಡಿ ಮೇಲಿದೆಯೋ ಕೆಳಗಿದೆಯೋ ಎಂಬುದೇ ಮನೆಯ ಗತಿ.

ದೊಡ್ಡ ಮನೆಗಳು ಒಡೆದದ್ದು ಕಾನೂನಿನಿಂದ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಕಟ್ಟಿನಲ್ಲಿ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1974ರ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಒಂದು ಚಾವಡಿಯಲ್ಲಿ ಮಲಗುತ್ತಿದ್ದವರು ಹತ್ತು ಮನೆ ಕಟ್ಟಿದರು, ಗುಡಿಸಲಲ್ಲಿದ್ದವರು ಮುರಕಲ್ಲಿನ ಗೋಡೆ ಎಬ್ಬಿಸಿದರು. ಜಾಗದ ಹಂಚಿಕೆಯಲ್ಲಿ ಯಾವ ವಿನ್ಯಾಸಕಾರನೂ ಮಾಡಲಾರದ ಕೆಲಸವಿದು. ಚಾವಡಿಯ ಸೊಗಸನ್ನು ಹಾಡಿ ಹೊಗಳುವವರು ಅಲ್ಲಿ ಕೂರಲು ಯಾರಿಗೆ ಹಕ್ಕಿತ್ತು, ಅಂಗಳದಲ್ಲೇ ಯಾರು ನಿಲ್ಲಬೇಕಿತ್ತು ಎಂಬುದನ್ನು ಮರೆಯುವುದುಂಟು.

ಬೊಂಬಾಯಿಯ ಹೋಟೆಲು, ಆಮೇಲೆ ಗಲ್ಫಿನ ದುಡಿಮೆ ಊರಿಗೆ ಕಳಿಸಿದ ಹಣ ತಾರಸಿ ಮನೆಯಾಯಿತು. ತಾರಸಿ ಬಂದಲ್ಲಿ ಅಟ್ಟ ಹೋಯಿತು. ಜತೆಗೆ ಹೊಗೆಯೂ ಹೋಯಿತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿತು, ಗೋಬರ್ ಗ್ಯಾಸು, ಸಿಲಿಂಡರು ಉಳಿದದ್ದನ್ನು ಮುಗಿಸಿದವು. ಹೆಂಗಸರ ಕಣ್ಣಿಗೂ ಎದೆಗೂ ಆದ ಉಪಕಾರ ಸಣ್ಣದಲ್ಲ. ಚಾವಡಿ ಕುಗ್ಗಿ ಸಿಟೌಟ್ ಆಯಿತು, ಪಡಸಾಲೆ ಹಾಲ್ ಆಯಿತು, ಸೌದೆ ಒಲೆ ಹಿತ್ತಲಿನ ‘ವರ್ಕ್ ಏರಿಯಾ’ಕ್ಕೆ ಸರಿಯಿತು. ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ, ಒಂದೊಂದು ಕೋಣೆಗೆ ಕದಲದ ಮಂಚ ಎಂಬ ಹೊಸ ಶಿಸ್ತಿನಲ್ಲಿ ಹೊತ್ತಿನ ಲೆಕ್ಕ ಪೂರ್ತಿ ಮರೆತುಹೋಯಿತು. ವರ್ಷಕ್ಕೆ ನಾಲ್ಕು ದಿನ ನೆಂಟರು ಮಲಗುವ ಕೋಣೆಗೆ ವರ್ಷವಿಡೀ ಬೀಗ.

ಹಾಗೆ ಮರೆಯುವ ಸೌಕರ್ಯ ಎಲ್ಲರಿಗೂ ಇರಲಿಲ್ಲ. ಈ ಜಿಲ್ಲೆಯಲ್ಲಿ ‘ಐದು ಸೆಂಟ್ಸ್’ ಎಂದರೆ ಅಳತೆಯಷ್ಟೇ ಅಲ್ಲ, ಒಂದು ಬಗೆಯ ಬದುಕಿನ ಹೆಸರು. ಸರ್ಕಾರಿ ನಿವೇಶನಗಳ ಕಾಲೊನಿಗೆ ಜನ ಇಟ್ಟ ಗುರುತು. ಐದು ಸೆಂಟ್ಸಿಗೆ 2,178 ಚದರಡಿ. ಅದರಲ್ಲೇ ಮನೆ, ಬಾವಿ ಅಥವಾ ಟಾಂಕಿ, ಪಾಯಖಾನೆಯ ಗುಂಡಿ, ನಾಲ್ಕು ಬಸಳೆ ಬಳ್ಳಿ. 2016ರಲ್ಲಿ ಶುರುವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಮನೆಯ ಕನಿಷ್ಠ ವಿಸ್ತೀರ್ಣವನ್ನು 20ರಿಂದ 25 ಚದರ ಮೀಟರಿಗೆ ಏರಿಸಿತು, ಅಡುಗೆಯ ಜಾಗವೂ ಸೇರಿ. ಸುಮಾರು 270 ಚದರಡಿ. ಬೀಡಿ ಕಟ್ಟುವ ಸೂಪು, ಮಕ್ಕಳ ಪುಸ್ತಕ, ರೇಷನ್ನಿನ ಅಕ್ಕಿ, ಅಜ್ಜಿಯ ಹಾಸಿಗೆ ಇಷ್ಟರೊಳಗೆ. ಇಲ್ಲಿ ಚಾಪೆ ಇನ್ನೂ ಸುತ್ತಿ ನಿಲ್ಲುತ್ತದೆ, ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಏರುತ್ತದೆ, ಬಾಗಿಲ ಹಿಂದಿನ ಮೊಳೆಗೂ ಹಗ್ಗದ ಅಶೆಗೂ ಬಿಡುವಿಲ್ಲ. ಇಂಟೀರಿಯರ್ ಪತ್ರಿಕೆಗಳ ಬಣ್ಣದ ಪುಟಗಳಿಗೆ ಈ ಮನೆಗಳು ಬರುವುದಿಲ್ಲ. ಬರಬೇಕಿತ್ತು.

ಕಡಿಮೆ ಜಾಗದ ವಿನ್ಯಾಸ ಬಡವರ ಮನೆಯಿಂದಲೇ ಶುರುವಾದದ್ದು ಹೊರಗಿನ ಲೋಕದಲ್ಲೂ ಹೌದು. ಮಾರ್ಗರೇಟ್ ಷುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟಿನ ಕಾರ್ಮಿಕ ವಸತಿಗೆಂದು ರೂಪಿಸಿದ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಜ್ಜೆ ಎಣಿಸಿ, ಕೈಗೆಟುಕುವ ದೂರ ಅಳೆದು ಮಾಡಿದ್ದು. ಅಂಥವು ಸುಮಾರು 10,000 ಅಲ್ಲಿ ಕೂತವು. ಬಿ.ಸಿ. ರೋಡಿನ ಫ್ಲ್ಯಾಟುಗಳಲ್ಲಿ ಈಗ ಕೂರುವ ಮಾಡ್ಯುಲರ್ ಕಿಚನ್ನಿನ ಮೂಲ ಪುರುಷ, ಅಲ್ಲ, ಮೂಲ ಸ್ತ್ರೀ, ಆಕೆಯೇ.

ಆದರೆ ಫ್ರಾಂಕ್‌ಫರ್ಟಿಗೆ ಆಟಿಯ ಮಳೆ ಗೊತ್ತಿಲ್ಲ. ಇಲ್ಲಿ ಜುಲೈಯಲ್ಲಿ ಮುಚ್ಚಿದ ಪ್ಲೈವುಡ್ ಕಪಾಟು ತೆರೆದರೆ ರೇಷ್ಮೆ ಸೀರೆಗೂ ಚಪ್ಪಲಿಗೂ ಒಂದೇ ಬಿಳಿ ಬೂಷ್ಟು. ಗೋಡೆಗೆ ಅಂಟಿಸಿ ಕೂರಿಸಿದ ವಾರ್ಡ್‌ರೋಬಿನ ಬೆನ್ನಿನಿಂದ ಗೆದ್ದಲು ಏರುತ್ತದೆ. ಸ್ಥಳೀಯ ಬಡಗಿಗಳು ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಹಳೆಯ ಬುದ್ಧಿ ಇಣುಕುತ್ತದೆ: ಐಎಸ್ 710 ಗುರುತಿನ ಮೆರೈನ್ ಪ್ಲೈ, ಸಿಂಕಿನ ಅಡಿಗೆ ಅಲ್ಯೂಮಿನಿಯಂ, ಅಡುಗೆ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಹಲಗೆ, ಕಪಾಟಿನ ಬಾಗಿಲಿಗೆ ಗಾಳಿಯಾಡುವ ಪಟ್ಟಿ. ಮೆಟ್ಟಿಲ ಅಡಿಗೆ ಇನ್ವರ್ಟರು, ಕಿಟಕಿಯ ದಂಡೆಯೇ ಕೂರುವ ಪೆಟ್ಟಿಗೆ, ಬಾಗಿಲ ಮೇಲೆ ಲಾಫ್ಟು. ಉಜಿರೆ, ಮೂಡುಬಿದಿರೆಯಂಥ ಕಾಲೇಜು ಊರುಗಳ ಪಿ.ಜಿ.ಗಳಲ್ಲಿ ಒಂದರ ಮೇಲೊಂದು ಮಂಚ.

ಇನ್ನು ತಾರಸಿಯ ಕಥೆ. ಸಪಾಟಾದ ಸ್ಲ್ಯಾಬು ಇಲ್ಲಿಯ ಮಳೆಗೆ ಸೋರತೊಡಗಿದಾಗ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಇಳಿಜಾರಾದ ಶೀಟು ಹಾಕುವ ರೂಢಿ ಬಂತು. ಬೆಳ್ತಂಗಡಿ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಯಲ್ಲಿ ಈ ಮಾಡು ಕಾಣುತ್ತದೆ. ಸೋರುವುದನ್ನು ತಡೆಯಲೆಂದು ಹಾಕಿದ್ದರ ಅಡಿಗೆ ಈಗ ಅಡಿಕೆ ಹರಡುತ್ತಾರೆ, ಬಟ್ಟೆ ಒಣಗುತ್ತದೆ, ಗೃಹಪ್ರವೇಶದ ಊಟವೂ ಅಲ್ಲೇ. ಯಾವ ನಕ್ಷೆಯಲ್ಲೂ ಬರೆಯದೆ ಅಟ್ಟ ಮರಳಿದೆ.

ಫ್ಲ್ಯಾಟಿನವರಿಗೆ ಆ ಭಾಗ್ಯವಿಲ್ಲ, ತಾರಸಿ ಎಲ್ಲರದು. ಅವರ ಪಾಲಿಗೆ ಉಳಿದದ್ದು ಎರಡಡಿ ಎತ್ತರದ ಲಾಫ್ಟು. ತರವಾಡಿನ ಮನೆಯ ಪಾಲಿನಲ್ಲಿ ಬಂದ ತಾಮ್ರದ ಕೊಪ್ಪರಿಗೆ ಅದರ ಬಾಗಿಲಲ್ಲಿ ನುಗ್ಗುವುದಿಲ್ಲ. ಹಾಲಿನ ಮೂಲೆಯಲ್ಲಿ ಬೋರಲು ಕೂತು, ಮೇಲೊಂದು ಗಾಜು ಹೊತ್ತು, ಟೀಪಾಯಿಯಾಗಿದೆ.